5500 ಜೊತೆ 6500 ಎಕ್ಸ್‌ಟಿ ಬೇಡ

ಕಂಪ್ಯೂಟರ್ ಜೋಡಿಸೋಕೆ ಬಿಡಿಭಾಗಗಳ ಪಟ್ಟಿ ಕೊಟ್ಟು, ಹೊಸ ಗೇಮ್‌ಗಳಿಗೆ ಇದು ಸಾಕಾ ಅಂದಿರಲ್ಲ, ಎಡವಟ್ಟಿರೋದು ರೈಜನ್ 5 5500 ಪ್ರೊಸೆಸರ್ ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಜೋಡಿಯಲ್ಲಿ. ಆ ಕಾರ್ಡ್‌ಗೆ ಇರೋದೇ ನಾಲ್ಕು ಪಿಸಿಐಇ ಲೇನ್, ಅಂದ್ರೆ ಪ್ರೊಸೆಸರ್ ಜೊತೆ ಡೇಟಾ ಓಡಾಡೋ ದಾರಿ. 5500 ಪ್ರೊಸೆಸರ್ ಪಿಸಿಐಇಯ ಹಳೆ 3.0 ವೇಗಕ್ಕೇ ನಿಲ್ಲುತ್ತೆ, 4.0 ವೇಗದ ಬಿ550 ಮದರ್‌ಬೋರ್ಡ್ ಹಾಕಿದರೂ ಅಷ್ಟೇ. ಕಾರ್ಡ್‌ನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಉಳಿದ ಡೇಟಾ ಈ ಕಿರಿದಾದ ದಾರಿಯಲ್ಲೇ ಬರಬೇಕು, ಆಟ ತಡವರಿಸುತ್ತೆ.

ಮೊದಲು ಕಾರ್ಡ್ ಬದಲಿಸಿ: ಆರ್‌ಎಕ್ಸ್ 6600, 8 ಜಿಬಿ, ಎಂಟು ಲೇನ್. ಪ್ರೊಸೆಸರ್ ಅದೇ ಇರಲಿ. ದುಡ್ಡು ಸಾಲದಿದ್ದರೆ ಬಣ್ಣದ ಫ್ಯಾನು, ಗಾಜಿನ ಕ್ಯಾಬಿನೆಟ್ಟು ಬಿಡಿ. ಯಾವ ಎಸ್‌ಎಂಪಿಎಸ್ (ಕರೆಂಟ್ ಪೂರೈಸೋ ಪೆಟ್ಟಿಗೆ) ಅಂತ ನೀವು ಬರೆದಿಲ್ಲ. ಕಾರ್ಡ್‌ಗೆ ಕರೆಂಟ್ ಕೊಡೋ 8 ಪಿನ್ ಪಿಸಿಐಇ ಕೇಬಲ್ ಇರೋ ಒಳ್ಳೆ 500 ವ್ಯಾಟ್‌ದು ಸಾಕು, ಅಗ್ಗದ್ದು ಮಾತ್ರ ಬೇಡ.

ರ‍್ಯಾಮ್ 8 ಜಿಬಿಯದ್ದು ಎರಡು, ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ಕ್ಕೆ. ಬಯಾಸ್‌ನಲ್ಲಿ, ಅಂದ್ರೆ ಬೋರ್ಡಿನ ಸೆಟ್ಟಿಂಗ್ ಮೆನುವಿನಲ್ಲಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸೋ ಎಕ್ಸ್‌ಎಂಪಿ ಆನ್ ಮಾಡಿ. 5500ರೊಳಗೆ ಗ್ರಾಫಿಕ್ಸ್ ಇಲ್ಲ, ಮಾನಿಟರ್ ಕೇಬಲನ್ನು ಕಾರ್ಡ್‌ಗೇ ಹಾಕಿ.