ಫ್ರಿಜ್ ಮಾಡುವ ಲೀಬ್‌ಹೆರ್ ಮತ್ತು ಟವರ್ ಕ್ರೇನಿನ ಲೀಬ್‌ಹೆರ್ ಒಂದೇ ಕಂಪನಿಯೇ?

ಹೌದು, ಒಂದೇ. ನೀವು ಅಂಗಡಿಯಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ನೋಡಿದ ಹೆಸರೂ ಬೆಂಗಳೂರಿನಲ್ಲಿ ಕ್ರೇನಿನ ಮೇಲೆ ಓದಿದ ಹೆಸರೂ ಒಂದೇ ಮನೆತನದ್ದು. ಆದರೆ ಮೊದಲು ಹುಟ್ಟಿದ್ದು ಕ್ರೇನ್. ಶಿವಮೊಗ್ಗದಲ್ಲಿ ಕಟ್ಟಡ ಗುತ್ತಿಗೆ ಮಾಡಿಕೊಂಡಿರುವ ನನಗೆ ಈ ಕಂಪನಿಯ ಚರಿತ್ರೆ ಬಹಳ ಹತ್ತಿರದ್ದು. ಅದನ್ನು ಕಟ್ಟಿದವರು ನಮ್ಮ ಕಸುಬಿನವರೇ.

ಹಾನ್ಸ್ ಲೀಬ್‌ಹೆರ್ ದಕ್ಷಿಣ ಜರ್ಮನಿಯ ಕಿರ್ಚ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಮನೆಯವರ ಕಟ್ಟಡ ಕೆಲಸ ನೋಡಿಕೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯಲ್ಲಿ ನಗರಗಳೇ ಪಾಳುಬಿದ್ದಿದ್ದವು, ಮನೆಗಳು ತುರ್ತಾಗಿ ಏಳಬೇಕಿತ್ತು. ಕ್ರೇನ್‌ಗಳೇನೋ ಇದ್ದವು. ಆದರೆ ಆ ಭಾರದ ಯಂತ್ರವನ್ನು ಒಂದು ಸೈಟಿನಿಂದ ಇನ್ನೊಂದಕ್ಕೆ ಸಾಗಿಸಿ ನಿಲ್ಲಿಸುವುದೇ ದೊಡ್ಡ ಕೆಲಸವಾಗುತ್ತಿತ್ತು. ಸಣ್ಣ ಗುತ್ತಿಗೆದಾರರ ಕೈಗೆ ಅದು ಎಟುಕುವ ಮಾತಲ್ಲ. ಹಾನ್ಸ್ ಹಿಡಿದದ್ದು ಈ ತೊಡಕನ್ನೇ. 1949ರಲ್ಲಿ ಅವರು ಟಿಕೆ 10 ಎಂಬ ಟವರ್ ಕ್ರೇನ್ ತಯಾರಿಸಿದರು. ಸುಲಭವಾಗಿ ಸಾಗಿಸಬಹುದು, ಸೈಟಿನಲ್ಲಿ ಬೇಗ ಜೋಡಿಸಿ ನಿಲ್ಲಿಸಬಹುದು. ಸಮತೋಲನದ ಭಾರ ಕೆಳಗೆ ಬುಡದಲ್ಲಿರುತ್ತದೆ, ಇಡೀ ಗೋಪುರವೇ ಬುಡದಿಂದ ತಿರುಗುತ್ತದೆ. ಅದೇ ವರ್ಷ ಫ್ರಾಂಕ್‌ಫರ್ಟ್ ಮೇಳದಲ್ಲಿ ಇಟ್ಟಾಗ ಬಂದವರು ಅನುಮಾನದಿಂದಲೇ ನೋಡಿದರಂತೆ!

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮಲ್ಲಿ ಸ್ಲ್ಯಾಬ್ ಹಾಕುವ ದಿನ ಬಂದು ನೋಡಬೇಕು. ಕಾಂಕ್ರೀಟ್ ತುಂಬಿದ ಬಾಣಲಿ ಕೈಯಿಂದ ಕೈಗೆ ದಾಟುತ್ತಾ ಮೇಲೇರುತ್ತದೆ. ಸಂಜೆಯ ಹೊತ್ತಿಗೆ ಆ ಸಾಲಿನಲ್ಲಿ ನಿಂತ ಹೆಂಗಸರ ತೋಳುಗಳು ಮಾತು ಕೇಳುವುದಿಲ್ಲ. ಆ ಭಾರವನ್ನು ಮನುಷ್ಯರ ಮೈಮೇಲಿಂದ ಇಳಿಸಿದ ಯಂತ್ರದ ಮೇಲೆ ನನಗೆ ಗೌರವವಿದೆ.

ಮುಂದೆ 1954ರಲ್ಲಿ ಹೈಡ್ರಾಲಿಕ್ ಅಗೆಯುವ ಯಂತ್ರ ಬಂತು. ಸುಮಾರು ಅದೇ ಕಾಲದಲ್ಲಿ ಓಕ್ಸೆನ್‌ಹೌಸನ್ ಎಂಬ ಊರಿನಲ್ಲಿ ಫ್ರಿಜ್ ಕಾರ್ಖಾನೆಯೂ ಶುರುವಾಯಿತು. 1958ರಲ್ಲಿ ಐರ್ಲೆಂಡಿನ ಕಿಲಾರ್ನಿಯಲ್ಲೂ ಕಾರ್ಖಾನೆ ತೆರೆದರು. ಅದೂ ನಮ್ಮ ಕಡೆಯಂತೆ ಮಳೆ, ಗುಡ್ಡ, ನೀರಿನ ಸೀಮೆ. ಇಂದಿಗೂ ಅಲ್ಲಿ ಬಂದರಿನ ದೈತ್ಯ ಕ್ರೇನ್‌ಗಳು ತಯಾರಾಗುತ್ತವೆ. ಹಾನ್ಸ್ 1993ರಲ್ಲಿ ತೀರಿಕೊಂಡರು, ಕಂಪನಿ ಮಾತ್ರ ಈಗಲೂ ಕುಟುಂಬದ ಕೈಯಲ್ಲೇ ಇದೆ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಬಳಿ ಅವರ ಫ್ರಿಜ್ ಕಾರ್ಖಾನೆಯಿದೆ.

ಶಿವಮೊಗ್ಗದಲ್ಲಿ ಟವರ್ ಕ್ರೇನ್ ಏಕೆ ಅಪರೂಪ ಎಂದೂ ಕೇಳಿದ್ದೀರಿ. ಮೂರು ನಾಲ್ಕು ಅಂತಸ್ತಿಗೆ ಕಾಂಕ್ರೀಟ್ ಮಿಕ್ಸರಿಗೆ ಜೋಡಿಸಿದ ಲಿಫ್ಟ್ ಸಾಕು, ಕಬ್ಬಿಣದ ಕಂಬ ಎತ್ತಲು ಹೈಡ್ರಾ ಎಂಬ ಚಕ್ರದ ಮೇಲೆ ಓಡಾಡುವ ಸಣ್ಣ ಕ್ರೇನ್ ಬಾಡಿಗೆಗೆ ಸಿಗುತ್ತದೆ. ಕಟ್ಟಡ ಎತ್ತರವಾಗಿ, ಕೆಲಸ ತಿಂಗಳುಗಟ್ಟಲೆ ನಡೆದರೆ ಮಾತ್ರ ಟವರ್ ಕ್ರೇನಿನ ಬಾಡಿಗೆ ಗಿಟ್ಟುತ್ತದೆ.

ರಾತ್ರಿ ಗಾಳಿಗೆ ಕ್ರೇನಿನ ತೋಳು ತಾನಾಗಿಯೇ ತಿರುಗುತ್ತಿತ್ತು, ಬ್ರೇಕ್ ಕೆಟ್ಟಿರಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಇಲ್ಲ, ಅದು ಹಾಗೆಯೇ ತಿರುಗಬೇಕು. ಕೆಲಸ ಮುಗಿದ ಮೇಲೆ ಆಪರೇಟರ್ ತೋಳು ತಿರುಗದಂತೆ ಹಿಡಿಯುವ ಬ್ರೇಕನ್ನು ಬೇಕೆಂದೇ ಸಡಿಲ ಬಿಟ್ಟು ಇಳಿಯುತ್ತಾನೆ. ಆಗ ತೋಳು ಗಾಳಿ ಬೀಸಿದ ದಿಕ್ಕಿಗೆ ಹೊರಳುತ್ತದೆ, ಗೋಪುರದ ಮೇಲೆ ಬೀಳುವ ಒತ್ತಡ ಕಡಿಮೆಯಾಗುತ್ತದೆ. ಬಿಗಿದು ನಿಲ್ಲಿಸಿದರೆ ಆಷಾಢದ ಗಾಳಿಗೆ ಕ್ರೇನ್ ಉರುಳುವ ಅಪಾಯವಿರುತ್ತದೆ.