ಪ್ರತಿಕ್ರಿಯೆ: ಲೇಹ್‌ನಲ್ಲಿ ಅಪ್ಪ ಆರಾಮ, ನನಗೆ ವಾಂತಿ. ಜೀನ್ ಟೆಸ್ಟ್ ಮಾಡಿಸಲಾ?

ನಿಮಗಾದದ್ದು ಎತ್ತರದ ಕಾಯಿಲೆ, ಅಂದರೆ ಎತ್ತರದಲ್ಲಿ ಆಮ್ಲಜನಕ ಕಡಿಮೆಯಾಗಿ ಬರುವ ತೊಂದರೆ ಇರಬೇಕು. ಜೀನ್‌ಗಿಂತ ಮೊದಲು ವಿಮಾನವನ್ನೇ ಬೈಯಬೇಕು. ಬೆಂಗಳೂರಿನ 900 ಮೀಟರ್‌ನಿಂದ ಒಂದೇ ದಿನದಲ್ಲಿ 3,500 ಮೀಟರ್‌ಗೆ ಹೋಗಿ, ಮರುದಿನವೇ ಇನ್ನೂ ಎತ್ತರದ ಖರ್ದುಂಗ್ ಲಾ ಘಾಟಿ ಹತ್ತಿದ್ದೀರಿ. ಜಿಮ್ ಮೈಕಟ್ಟು ಇಲ್ಲಿ ಕಾಪಾಡುವುದಿಲ್ಲ.

ಅಪ್ಪನಿಗೆ ಯಾಕೆ ಏನೂ ಆಗಲಿಲ್ಲ ಅನ್ನೋದರಲ್ಲಿ ಜೀನ್ ಪಾತ್ರ ಇರಬಹುದು. ಆಮ್ಲಜನಕ ಕಡಿಮೆಯಾದಾಗ ಜೀವಕೋಶದೊಳಗಿನ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳದೆ ಆಕಾರ ಕೆಡಬಹುದು. ಅದನ್ನು ಸರಿಪಡಿಸುವುದು ಎಚ್‌ಎಸ್‌ಪಿ70 ಎಂಬ ಪ್ರೋಟೀನ್‌ಗಳ ಕೆಲಸ. ಇವುಗಳ ಜೀನ್‌ನ ಸಣ್ಣ ವ್ಯತ್ಯಾಸಗಳಿಗೂ ಎತ್ತರದ ಕಾಯಿಲೆಗೂ ನಂಟು ಇರಬಹುದು ಎಂದು ಚೀನಾದ ಕೆಲವು ಅಧ್ಯಯನಗಳು ಹೇಳಿವೆ. ಆದರೆ ಅಷ್ಟರಿಂದ ಒಬ್ಬ ವ್ಯಕ್ತಿಗೆ ಆಗುತ್ತದೋ ಇಲ್ಲವೋ ಹೇಳಲಾಗದು. ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಳ್ಳಲು ನೆರವಾಗುವ, ಟಿಬೆಟಿನವರ ಇಪಿಎಎಸ್1 ಜೀನ್‌ಗೆ ಹೆಚ್ಚು ಗಟ್ಟಿ ಪುರಾವೆ ಇದೆ, ಆದರೆ ಅದು ನಮಗೆ ಸಾಲ ಸಿಗಲ್ಲ ಬಿಡಿ. ಟೆಸ್ಟ್‌ಗೆ ದುಡ್ಡು ದಂಡ. ಹೋದ ಸಲದ ವಾಂತಿಯೇ ಅದಕ್ಕಿಂತ ಒಳ್ಳೆಯ ಸೂಚನೆ.

ಹೊರಡುವ ಮೊದಲು ಡಾಕ್ಟರ್ ಹತ್ತಿರ ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಝೋಲಮೈಡ್ ಮಾತ್ರೆ ಬಗ್ಗೆ ಕೇಳಿ. ಸಾಮಾನ್ಯವಾಗಿ ಹಿಂದಿನ ದಿನವೇ ಶುರು ಮಾಡಿಸುತ್ತಾರೆ. ಸಲ್ಫಾ ಗುಂಪಿನ ಔಷಧಿಗಳಿಗೆ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಇರಿ, ಮದ್ಯ ಬೇಡ. ನಾನು ಎರಡನೇ ಸಲ ಹೀಗೇ ಮಾಡಿ, ಖರ್ದುಂಗ್ ಲಾದಲ್ಲಿ ಚಹಾ ಕುಡಿದು ಬಂದೆ. ಆಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಂತೆ ನೋಡಿಕೊಳ್ಳಿ.

ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು ಬಂದರೆ ಅಥವಾ ನಡಿಗೆ ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೆಳಗಿಳಿದು ಆಸ್ಪತ್ರೆಗೆ ಹೋಗಿ.