ಸಮನ್ಸ್ ಮುಟ್ಟಿಸೋಕೆ ನಾವೇ ಜನ ಇಡಬಹುದಾ?

ಪ್ರಶ್ನೆ: ಪ್ರೋನೋಟ್ ಬರೆಸಿಕೊಂಡು ಗೆಳೆಯರೊಬ್ಬರಿಗೆ 6 ಲಕ್ಷ ಸಾಲ ಕೊಟ್ಟಿದ್ದೆ. ವಾಪಸ್ ಬರಲಿಲ್ಲ, ಹಾಸನದ ಕೋರ್ಟಿನಲ್ಲಿ ದಾವಾ ಹಾಕಿದೆ. ಅವರೀಗ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿದ್ದಾರೆ. ಸಮನ್ಸ್ ಎರಡು ಸಲ ‘ಬಾಗಿಲು ಬೀಗ’ ಅಂತ ವಾಪಸ್ ಬಂದಿದೆ. ಪರಿಚಯದವರೊಬ್ಬರು, ‘5 ಸಾವಿರ ಕೊಡಿ, ನಮ್ಮ ಹುಡುಗರು ಕೈಗೆ ಕೊಟ್ಟು ಫೋಟೊ ಕಳಿಸ್ತಾರೆ’ ಅಂತಿದ್ದಾರೆ. ಇದು ನಡೆಯುತ್ತಾ?

ಉತ್ತರ: ಆ 5 ಸಾವಿರ ನಿಮ್ಮ ಹತ್ತಿರವೇ ಇರಲಿ. ಕೋರ್ಟಿನ ಅನುಮತಿ ಇಲ್ಲದೆ ಹೊರಗಿನ ಹುಡುಗರು ಕೊಟ್ಟ ಕಾಗದ ಸಮನ್ಸ್ ಜಾರಿ ಅನ್ನಿಸಿಕೊಳ್ಳುವುದಿಲ್ಲ, ಫೋಟೊ ಎಷ್ಟೇ ಚೆನ್ನಾಗಿ ಬಂದಿದ್ದರೂ ಅಷ್ಟೇ. ನಮ್ಮಲ್ಲಿ ಸಮನ್ಸ್ ಜಾರಿ ಕೋರ್ಟಿನದೇ ಕೆಲಸ. ನೀವು ಪ್ರೋಸೆಸ್ ಫೀ (ಸಮನ್ಸ್ ಕಳಿಸಲು ಕೋರ್ಟಿಗೆ ಕಟ್ಟುವ ಶುಲ್ಕ) ಕಟ್ಟಬೇಕು, ಅಮೀನರು, ಅಂದರೆ ಸಮನ್ಸ್ ಮುಟ್ಟಿಸುವ ಕೋರ್ಟಿನ ಸಿಬ್ಬಂದಿ, ಹೋಗಬೇಕು. ಜೊತೆಗೆ ಅಂಚೆಯಲ್ಲೂ ಕಳಿಸಬಹುದು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಅದಕ್ಕೇ ಈಗ ಲಕೋಟೆ ಸ್ಪೀಡ್ ಪೋಸ್ಟ್ ಹೆಸರಲ್ಲಿ ಹೋಗುತ್ತದೆ. ಕೊರಿಯರ್ ಆದರೆ ಹೈಕೋರ್ಟೋ ದಾವಾ ನಡೆಯುವ ಕೋರ್ಟೋ ಒಪ್ಪಿದ ಕೊರಿಯರೇ ಆಗಬೇಕು.

ಆದರೆ ನಿಮಗೆ ಒಂದು ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 9ಎ ನಿಯಮ. ಅದರಡಿ ನಿಮ್ಮ ವಕೀಲರು ಅರ್ಜಿ ಹಾಕಿದರೆ, ಕೋರ್ಟು ಸಮನ್ಸನ್ನು ನಿಮ್ಮ ಕೈಗೇ ಕೊಡಬಹುದು. ಹ್ಯಾಂಡ್ ಸಮನ್ಸ್ ಅನ್ನುವುದು ಇದನ್ನೇ. ಅದರ ಮೇಲೆ ಕೋರ್ಟಿನ ಸೀಲು, ಸಹಿ ಇರಬೇಕು. ಪ್ರತಿವಾದಿಯ ಕೈಗೇ ಕೊಡಬೇಕು, ಅವರ ಸಹಿ ತರಬೇಕು. ಯಾವತ್ತು, ಎಷ್ಟು ಹೊತ್ತಿಗೆ, ಹೇಗೆ ಕೊಟ್ಟಿರಿ, ಅವರೇ ಅಂತ ಗುರುತಿಸಿದವರು ಯಾರು ಅನ್ನುವುದನ್ನೂ ಬರೆದು ಕೋರ್ಟಿಗೆ ಒಪ್ಪಿಸಬೇಕು. ಅನುಮತಿ ಸಿಗುವುದು ವಾದಿಯ ಹೆಸರಿಗೆ. ನಿಮ್ಮ ಬದಲು ಮಗನೋ ತಮ್ಮನೋ ಹೋಗುವುದಿದ್ದರೆ ಅದನ್ನೂ ಅರ್ಜಿಯಲ್ಲೇ ಕೇಳಿಕೊಳ್ಳಿ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಅವರು ‘ತಗೊಳ್ಳಲ್ಲ ಹೋಗಿ’ ಅಂದರೆ ಏನು ಮಾಡ್ತೀರಿ? ಬಾಗಿಲಿಗೆ ಅಂಟಿಸಿ ಬರೋಣ ಅನ್ನಿಸುತ್ತೆ, ಅಲ್ವಾ? ಅಂಟಿಸಬೇಡಿ. ಆ ಅಧಿಕಾರ ಅಮೀನರಿಗೆ ಮಾತ್ರ. ನೀವು ಸುಮ್ನೆ ವಾಪಸ್ ಬಂದು, ನಡೆದದ್ದನ್ನು ಬರೆದುಕೊಟ್ಟು, ಕೋರ್ಟಿನ ಮೂಲಕವೇ ಮತ್ತೆ ಸಮನ್ಸ್ ಹೊರಡಿಸಿ ಅಂತ ಅರ್ಜಿ ಹಾಕಬೇಕು. ಜಗಳ, ಬೆದರಿಕೆ, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗುವುದು ಖಂಡಿತ ಬೇಡ.

ನಿಮ್ಮ ಕೇಸಿನಲ್ಲಿ ಸಮನ್ಸನ್ನು ಹಾಸನದ ಕೋರ್ಟು ಬೆಂಗಳೂರಿನ ಕೋರ್ಟಿಗೆ ಕಳಿಸಿ, ಅಲ್ಲಿನ ಅಮೀನರ ಮೂಲಕವೇ ಜಾರಿ ಮಾಡಿಸಬಹುದು. ‘ಬಾಗಿಲು ಬೀಗ’ ಅನ್ನುವ ಷರಾ (ಅಮೀನರು ಬರೆಯುವ ಟಿಪ್ಪಣಿ) ಬಂದಾಗ ಅದರ ಹಿಂದೆ ಏನಿದೆ ಅಂತ ನೋಡಿ. ಎಷ್ಟೋ ಸಲ ವಿಳಾಸವೇ ಅರ್ಧ ಇರುತ್ತೆ. ‘ಕಾಮಾಕ್ಷಿಪಾಳ್ಯ, ಬೆಂಗಳೂರು’ ಅಂತಷ್ಟೇ ಬರೆದರೆ ಅಮೀನರು ಯಾರ ಬಾಗಿಲು ತಟ್ಟಬೇಕು? ಮನೆ ನಂಬರು, ಅಡ್ಡರಸ್ತೆ, ಎಷ್ಟನೇ ಮಹಡಿ, ಪಕ್ಕದಲ್ಲಿರುವ ಅಂಗಡಿ, ಪಿನ್‌ಕೋಡ್ ಎಲ್ಲ ಕೊಡಿ. ಕೆಲಸದ ಜಾಗ ಗೊತ್ತಿದ್ದರೆ ಅದನ್ನೂ ಸೇರಿಸಿ. ಹಗಲು ಮನೆಯಲ್ಲಿ ಇರದವರು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಸಿಗುತ್ತಾರೆ. ಮನೆ ತೋರಿಸೋಕೆ ನೀವೇ ಅಮೀನರ ಜೊತೆ ಹೋಗುವುದು ಇನ್ನೂ ಒಳ್ಳೆಯದು.

ಪ್ರತಿವಾದಿ ಮನೆಯಲ್ಲಿಲ್ಲ, ಬೇಗ ಬರುವ ಲಕ್ಷಣವೂ ಇಲ್ಲ ಅಂದರೆ, ಅಮೀನರು ಜೊತೆಗೆ ವಾಸವಿರುವ ಕುಟುಂಬದ ವಯಸ್ಕರ ಕೈಗೆ ಕೊಡಬಹುದು. ಹೆಂಡತಿ, ತಾಯಿ, ಅಣ್ಣ ಯಾರಾದರೂ ಸರಿ. ಮನೆಗೆಲಸದವರಿಗೆ ಕೊಟ್ಟರೆ ಆಗುವುದಿಲ್ಲ. ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ಕೋರ್ಟಿಗೆ ಮನವರಿಕೆಯಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಬಹುದು. ಅದು ಅವರು ಕೊನೆಗೆ ವಾಸವಿದ್ದ ಕಡೆ ಓದುವ ದಿನಪತ್ರಿಕೆಯೇ ಆಗಿರಬೇಕು.

ಒಂದು ವಾಯಿದೆ ನೆನಪಿಡಿ. ಸಮನ್ಸ್ ಜಾರಿಯಾಗದೆ ಕೋರ್ಟಿಗೆ ವಾಪಸ್ ಬಂದ ದಿನದಿಂದ 7 ದಿನದೊಳಗೆ ಹೊಸ ಸಮನ್ಸಿಗೆ ಕೇಳಿಕೊಳ್ಳಬೇಕು. ಸರಿಯಾದ ಕಾರಣವಿಲ್ಲದೆ ಸುಮ್ಮನಿದ್ದರೆ ದಾವಾವೇ ವಜಾ ಆಗಬಹುದು. ಇವತ್ತೇ ವಕೀಲರಿಗೆ ಫೋನ್ ಮಾಡಿ ವಿಚಾರಿಸಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಹತ್ತಿರ ಬಂದ ಹಿರಿಯರೊಬ್ಬರ ಕೈಯಲ್ಲಿ ಡಿಕ್ರಿ (ದಾವಾದಲ್ಲಿ ಕೋರ್ಟು ಕೊಡುವ ಅಂತಿಮ ಆದೇಶ) ಇತ್ತು. ಪ್ರತಿವಾದಿ ಬಾರದೆ ಏಕಪಕ್ಷೀಯವಾಗಿ ಆದ ಡಿಕ್ರಿ. ವಸೂಲಿಗೆ ಹೊರಟಾಗ ಆ ಕಡೆಯವರು, ‘ನಮಗೆ ಸಮನ್ಸೇ ಬಂದಿಲ್ಲ’ ಅಂತ ಬಂದರು. ಕಡತ ತೆಗೆದು ನೋಡಿದೆವು. ಬಾಗಿಲಿಗೆ ಅಂಟಿಸಿದೆ ಅಂತ ಒಂದು ಸಾಲಿನ ಷರಾ ಇತ್ತು. ಮನೆ ಗುರುತಿಸಿದವರ ಹೆಸರಿಲ್ಲ, ಸಾಕ್ಷಿಯ ವಿಳಾಸವಿಲ್ಲ. ಡಿಕ್ರಿ ರದ್ದಾಯಿತು, ಕೇಸು ಮೊದಲಿಂದ ಶುರುವಾಯಿತು. ಆ ಹಿರಿಯರು ಕಡತದ ಆ ಹಾಳೆಯನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. ತನ್ನ ಮೇಲೆ ಕೇಸಿದೆ ಅಂತ ಎದುರಿನವರಿಗೆ ನಿಜವಾಗಿ ಗೊತ್ತಾಗಬೇಕು ಅನ್ನುವುದು ನ್ಯಾಯದ ಮೊದಲ ಮೆಟ್ಟಿಲು. ಅದನ್ನು ಸರಿಯಾಗಿ ದಾಟಿಸಿದರೆ ನಿಮ್ಮ ಡಿಕ್ರಿಯೂ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ದಾವಾ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ, ನೀಲಿ ಟಿಕ್ ಬಂದಿದೆ. ಸಾಕಾ?

ಉತ್ತರ: ಸಾಲದು. ಕೋವಿಡ್ ಸಮಯದಲ್ಲಿ, 2020ರ ಜುಲೈನಲ್ಲಿ, ಇಮೇಲ್ ಮತ್ತು ವಾಟ್ಸಾಪ್ ಮೂಲಕವೂ ಸಮನ್ಸ್ ಕಳಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು ನಿಜ. ಆದರೆ ನಿಮ್ಮ ಕೇಸಿನಲ್ಲಿ ಕೋರ್ಟು ಹಾಗೆ ಕಳಿಸಲು ಆದೇಶ ಮಾಡಿರಬೇಕು. ನೀವಾಗಿಯೇ ಕಳಿಸಿದ್ದು ಮಾಹಿತಿ ಮಾತ್ರ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇನೆ. ಪತ್ನಿ ಮೈಸೂರಿನಲ್ಲಿದ್ದಾರೆ. ಇಲ್ಲಿಯ ಹಾಗೆ ಅಲ್ಲೂ ಪ್ರೋಸೆಸ್ ಸರ್ವರ್ (ಕೋರ್ಟಿನ ಕಾಗದ ಮುಟ್ಟಿಸುವ ಖಾಸಗಿ ವ್ಯಕ್ತಿ) ಒಬ್ಬರನ್ನು ಗೊತ್ತು ಮಾಡಬಹುದಾ?

ಉತ್ತರ: ನಿಮ್ಮಲ್ಲಿ ಪದ್ಧತಿಯೇ ಬೇರೆ. 18 ತುಂಬಿದ, ಕೇಸಿಗೆ ಸಂಬಂಧಪಡದ ಯಾರು ಬೇಕಾದರೂ ಕಾಗದ ಕೊಡಬಹುದು. ದುಡ್ಡು ತಗೊಂಡು ವರ್ಷಕ್ಕೆ 10ಕ್ಕಿಂತ ಜಾಸ್ತಿ ಕೊಡುವವರು ಕೌಂಟಿಯಲ್ಲಿ ನೋಂದಣಿ ಮಾಡಿಸಿರಬೇಕು. ಆದರೆ ಅದೇ ಕಾಗದ ಭಾರತಕ್ಕೆ ಬರುವಾಗ, ಕೋರ್ಟಿನ ಕಾಗದವನ್ನು ಬೇರೆ ದೇಶದಲ್ಲಿ ಮುಟ್ಟಿಸುವ ಬಗೆಗಿನ 1965ರ ಹೇಗ್ ಒಪ್ಪಂದ ಅಡ್ಡ ಬರುತ್ತದೆ. ಭಾರತದ ಮಟ್ಟಿಗೆ ಅದು 2007ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ನೇರವಾಗಿ ಅಂಚೆಯಲ್ಲಿ ಕಳಿಸುವುದನ್ನೂ ಖಾಸಗಿಯವರ ಕೈಲಿ ಕೊಡಿಸುವುದನ್ನೂ ಭಾರತ ಒಪ್ಪಿಲ್ಲ. ದೆಹಲಿಯ ಕಾನೂನು ಸಚಿವಾಲಯಕ್ಕೆ ಕಳಿಸಬೇಕು, ಅಲ್ಲಿಂದ ಮೈಸೂರಿನ ಕೋರ್ಟಿಗೆ ಹೋಗಿ ಅಮೀನರ ಕೈಯಿಂದ ಮುಟ್ಟುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೆ ತಯಾರಿರಿ. ‘ಮೈಸೂರಲ್ಲಿ ನಮ್ಮ ಏಜೆಂಟ್ ಇದ್ದಾರೆ, ವಾರದಲ್ಲಿ ಮುಗಿಸ್ತೀವಿ’ ಅನ್ನುವವರಿಗೆ ಡಾಲರ್ ಕೊಡಬೇಡಿ. ಪತ್ನಿ ಈ ನಡುವೆ ಕ್ಯಾಲಿಫೋರ್ನಿಯಾಕ್ಕೆ ಬಂದರೆ ಮಾತ್ರ ಅಲ್ಲಿಯ ನಿಯಮದಂತೆಯೇ ಕೊಡಿಸಬಹುದು. ಅಂಥ ಸಾಧ್ಯತೆ ಇದ್ದರೆ ಅಲ್ಲಿನ ನಿಮ್ಮ ವಕೀಲರಿಗೆ ಈಗಲೇ ತಿಳಿಸಿಡಿ.